ಕಾಫಿ ಹೂವಿನ ಪರಿಮಳದ ಮೇಣದಬತ್ತಿ: ಮೂರು ವಾರದ ಬಳಕೆಯ ನಂತರ
ಮಳೆಗಾಲದ ಮುಗ್ಗಲು ವಾಸನೆ ಹೋಗಲೆಂದು ಚಿಕ್ಕಮಗಳೂರು ಪೇಟೆಯ ಅಂಗಡಿಯೊಂದರಲ್ಲಿ 350 ರೂಪಾಯಿಗೆ ಕೊಂಡ ಈ ಮೇಣದಬತ್ತಿಯ ಪರಿಮಳ ನಿಜಕ್ಕೂ ಹಿತವಾಗಿದೆ. ಕಾಫಿ ಗಿಡಗಳಲ್ಲಿ ಹೂವರಳಿಸುವ ಬೇಸಿಗೆಯ ಬ್ಲಾಸಮ್ ಮಳೆಯಾದ ಮರುವಾರ ತೋಟದಲ್ಲಿ ನಿಂತಂತೆ ಅನಿಸುತ್ತದೆ. ಆದರೆ ಬತ್ತಿ ತೀರಾ ಉದ್ದವಿದ್ದುದರಿಂದ ಮೊದಲ ದಿನವೇ ಉರಿ ಎತ್ತರಕ್ಕೆದ್ದು, ಗಾಜಿನ ಒಳಬದಿಗೆ ಬೆರಳಿಗಂಟುವಷ್ಟು ಮಸಿ ಹಿಡಿಯಿತು. ಬತ್ತಿಯನ್ನು ಸುಮಾರು 6 ಮಿಲಿಮೀಟರಿಗೆ ಕತ್ತರಿಸಿ, ಕಿಟಕಿಯ ಗಾಳಿ ನೇರವಾಗಿ ತಾಗದ ಮೂಲೆಯಲ್ಲಿಟ್ಟು, ಕರಗಿದ ಮೇಣ ಗಾಜಿನ ಅಂಚನ್ನು ಮುಟ್ಟುವವರೆಗೆ ಆರಿಸದೆ ಬಿಟ್ಟ ಮೇಲೆ ಉರಿ ನೆಟ್ಟಗೆ ನಿಂತಿತು, ನಡುವೆ ಗುಳಿ ಬೀಳುವುದೂ ತಪ್ಪಿತು. ಒಂದೇ ಸಮನೆ 4 ಗಂಟೆ ಮೀರಿ ಉರಿಸಿದರೆ ಬತ್ತಿಯ ತುದಿಯಲ್ಲಿ ಅಣಬೆಯಂಥ ಕರಿಗಂಟು ಕಟ್ಟಿ ಮತ್ತೆ ಹೊಗೆಯಾಡುತ್ತದೆ. ಇಷ್ಟನ್ನಾದರೂ ತಯಾರಕರು ಡಬ್ಬಿಯ ಮೇಲೆ ಕನ್ನಡದಲ್ಲಿ ಅಚ್ಚು ಹಾಕಿಸಬೇಕಿತ್ತು.