ಮೀನು ವೈದ್ಯಕೀಯದ ತೀವ್ರ ತರಬೇತಿ: ಕೆಲಸಕ್ಕಿಳಿದ ಮೇಲೆ ಅನಿಸಿದ್ದು

ಬೀದರ್‌ನಲ್ಲಿ ಪಶುವೈದ್ಯಕೀಯ ಓದುತ್ತಿದ್ದಾಗ, ಕರಾವಳಿಯ ಸಂಸ್ಥೆಯೊಂದು ವಿದ್ಯಾರ್ಥಿಗಳಿಗಾಗಿ ನಡೆಸಿದ ಜಲಚರ ಪ್ರಾಣಿಗಳ ಚಿಕಿತ್ಸೆಯ ತೀವ್ರ ತರಬೇತಿಗೆ ಸೇರಿದ್ದೆ. ಈಗ ಭಾಲ್ಕಿ, ಹುಮನಾಬಾದ್ ಕಡೆ ಕೃಷಿ ಹೊಂಡಗಳಲ್ಲಿ ಕಾಟ್ಲಾ, ರೋಹು ಸಾಕುವವರು ಕರೆದಾಗ ಹೋಗಿ ನೋಡುತ್ತೇನೆ. ಕಲಿತದ್ದರ ಬೆಲೆ ತಿಳಿದದ್ದು ಈ ಹೊಂಡಗಳ ದಂಡೆಯಲ್ಲಿ.

ಪದವಿಯಲ್ಲಿ ನಮ್ಮ ಕೈ ಪಳಗುವುದು ದನ, ಎಮ್ಮೆ, ಕುರಿಗಳ ಮೇಲೆ. ಮೀನಿಗೆ ಕಾಯಿಲೆ ಬಂದರೆ ಮೊದಲು ಪರೀಕ್ಷಿಸಬೇಕಾದದ್ದು ನೀರನ್ನು. ಈ ಅಭ್ಯಾಸ ಹತ್ತಿದ್ದು ತರಬೇತಿಯಿಂದಲೇ. ಪಾಚಿ ದಟ್ಟವಾದ ಹೊಂಡದಲ್ಲಿ ಕರಗಿದ ಆಮ್ಲಜನಕ ರಾತ್ರಿಯಿಡೀ ಇಳಿದು ಬೆಳಗಿನ ಜಾವಕ್ಕೆ ತೀರಾ ಕಡಿಮೆಯಾಗುತ್ತದೆ. ಮಧ್ಯಾಹ್ನ ಅದೇ ನೀರಿನ ಪಿಎಚ್ ಏರಿ ಅಮೋನಿಯಾದ ವಿಷ ಹೆಚ್ಚುತ್ತದೆ. "ಡಾಕ್ಟರ್ ಸಾಹೇಬರೇ, ಮೀನು ಮೇಲೆ ಬಂದು ಬಾಯಿ ಬಿಡುತ್ತಿವೆ, ಯಾವ ಔಷಧಿ ಹಾಕಲಿ?" ಎಂದು ಫೋನ್ ಬಂದರೆ ನಾನು ಹೊತ್ತು ಕೇಳುತ್ತೇನೆ. ನಸುಕಿನಲ್ಲಿ ಎಂದರೆ ಔಷಧಿಗಿಂತ ಮೊದಲು ಪಂಪ್ ಹಚ್ಚಿ ನೀರು ಚಿಮ್ಮಿಸಲು, ಮೇವು ನಿಲ್ಲಿಸಲು ಹೇಳುತ್ತೇನೆ.

ಇನ್ನೊಂದು ಪಾಠ ಕಿವಿರಿನದು. ತುದಿಯನ್ನು ಚೂರು ಕತ್ತರಿಸಿ, ಅದೇ ಹೊಂಡದ ಒಂದು ಹನಿ ನೀರಿನಲ್ಲಿಟ್ಟು, ಗಾಜು ಮುಚ್ಚಿ, ಕೂಡಲೇ ಸೂಕ್ಷ್ಮದರ್ಶಕದ ಕೆಳಗೆ ನೋಡಬೇಕು. ಟ್ರೈಕೊಡೈನಾ ಎಂಬ ಸೂಕ್ಷ್ಮ ಪರಾವಲಂಬಿ ಇದ್ದರೆ ಬಟ್ಟಲಿನಂತೆ ದುಂಡಗೆ ಗಿರಗಿರ ತಿರುಗುತ್ತಿರುತ್ತದೆ. ಸತ್ತು ತೇಲಿದ ಮೀನಿನಲ್ಲಿ ಇದು ಸಿಗುವುದು ಕಷ್ಟ. ಆದ್ದರಿಂದ ಜೀವ ಹಿಡಿದಿರುವ, ಮಂಕಾದ ಮೀನನ್ನೇ ಕೊಡಿ ಎಂದು ರೈತರನ್ನು ಒತ್ತಾಯಿಸುತ್ತೇನೆ. ಮೀನುಹೇನಿಗಾದರೆ ಸೂಕ್ಷ್ಮದರ್ಶಕವೂ ಬೇಡ, ಬರಿಗಣ್ಣಿಗೇ ಕಾಣುತ್ತದೆ. ಹೊಂಡದಲ್ಲಿ ಬಿದಿರಿನ ಗಳ ನೆಟ್ಟು, ಅದರ ಮೇಲೆ ಹೇನು ಇಟ್ಟ ಮೊಟ್ಟೆಗಳನ್ನು ಗಳದ ಸಮೇತ ತೆಗೆದು ಬಿಸಿಲಿಗೆ ಒಣಗಿಸುವ ಉಪಾಯ ನಮ್ಮ ಕಡೆಯ ರೈತರಿಗೆ ಬಹಳ ಹಿಡಿಸಿದೆ.

ಬೇಸರವೂ ಇದೆ. ಕಡಲ ಸಸ್ತನಿಗಳಿಗೆ, ಸೀಗಡಿಗೆ ಹೆಚ್ಚು ಸಮಯ ಹೋಯಿತು. ಅಮೆರಿಕದ ಪೆನ್ಸಿಲ್ವೇನಿಯಾ, ಕಾರ್ನೆಲ್ ವಿಶ್ವವಿದ್ಯಾಲಯಗಳು 1977ರಲ್ಲಿ ಕಡಲತಡಿಯ ವುಡ್ಸ್ ಹೋಲ್‌ನಲ್ಲಿ ಶುರುಮಾಡಿದ 'ಅಕ್ವಾವೆಟ್' ಎಂಬ ಜಲಚರ ವೈದ್ಯಕೀಯ ತರಬೇತಿಯಲ್ಲಿ ಕಡಲಜೀವಿಗಳ ಪಾಠ ಸಹಜ. ನಮಗಿರುವುದು ಕಾರಂಜಾ ಜಲಾಶಯ, ಕೆರೆ, ಹೊಂಡ. ಔಷಧಿ ಕೊಟ್ಟ ಮೇಲೆ ಮೀನನ್ನು ಎಷ್ಟು ದಿನ ಮಾರಬಾರದು ಎಂಬ, ತಿನ್ನುವವರ ಆರೋಗ್ಯಕ್ಕೇ ಸಂಬಂಧಿಸಿದ ವಿಷಯವನ್ನು ಅವಸರದಲ್ಲಿ ಮುಗಿಸಿದರು. ಇದು ನನಗೆ ಈಗಲೂ ಸರಿಕಾಣುವುದಿಲ್ಲ.

ಆದರೂ ಕಿರಿಯರು ಕೇಳಿದರೆ ಹೋಗಿ ಎನ್ನುತ್ತೇನೆ. ಸೂಕ್ಷ್ಮಜೀವಿಶಾಸ್ತ್ರ, ರೋಗಶಾಸ್ತ್ರದ ಪಾಠ ಮುಗಿದ ಮೇಲೆ ಹೋದರೆ ಹೆಚ್ಚು ದಕ್ಕುತ್ತದೆ. ಶುಲ್ಕ ಕಟ್ಟುವ ಮುನ್ನ, ಸಿಹಿನೀರಿನ ಹೊಂಡಗಳಲ್ಲಿ ಎಷ್ಟು ದಿನ ಕೆಲಸ ಮಾಡಿಸುತ್ತಾರೆ ಎಂದು ಕೇಳಿಕೊಳ್ಳಿ.