ಮಕ್ಕಳ ಸೈಕಲ್ ಹೆಲ್ಮೆಟ್: ಹುಬ್ಬಳ್ಳಿ-ಧಾರವಾಡದ ಅಂಗಡಿಗಳಲ್ಲಿ ಸಿಗುವ ಎರಡು ನಮೂನೆ

ಮಕ್ಕಳ ಸೈಕಲ್ ಹೆಲ್ಮೆಟ್ ಕೇಳಿದರೆ ಇಲ್ಲಿನ ಅಂಗಡಿಗಳಲ್ಲಿ ಮುಂದಿಡುವುದು ಹೆಚ್ಚಾಗಿ ಎರಡು ನಮೂನೆ. ಒಂದು, ಮೊಣಕಾಲು-ಮೊಣಕೈ ಪ್ಯಾಡುಗಳ ಜೊತೆ ಬಲೆಚೀಲದಲ್ಲಿ ತೂಗುಹಾಕಿದ ಸ್ಕೇಟಿಂಗ್ ಸೆಟ್ಟಿನದು. ಐದಾರು ನೂರಕ್ಕೆ ಇಡೀ ಸೆಟ್ ಬರುತ್ತದೆ. ಇನ್ನೊಂದು, ಹಿಂದೆ ತಿರುಗಿಸುವ ಡಯಲ್ ಇರುವ, ಬಿಡಿಯಾಗಿ ಮಾರುವ ಹೆಲ್ಮೆಟ್. ಬೆಲೆ ಸಾವಿರದ ಆಚೀಚೆ. ಹೊರಗಿನಿಂದ ಎರಡೂ ಒಂದೇ ಥರ. ಬೋರಲು ಹಾಕಿ ಒಳಗೆ ನೋಡಬೇಕು.

ಸೆಟ್ಟಿನ ಹೆಲ್ಮೆಟ್ಟಿನೊಳಗೆ ಅನೇಕ ಸಲ ನಾಲ್ಕೈದು ಸ್ಪಂಜಿನ ತುಂಡು ಬಿಟ್ಟರೆ ಬೇರೇನೂ ಇರುವುದಿಲ್ಲ. ಹೆಬ್ಬೆರಳಿನಿಂದ ಒತ್ತಿ ನೋಡಿ. ಬೆರಳು ನೇರ ಪ್ಲಾಸ್ಟಿಕ್ಕಿಗೆ ತಗುಲಿದರೆ ಅಲ್ಲೇ ಇಟ್ಟು ಬನ್ನಿ. ಪೆಟ್ಟು ತಿನ್ನುವುದು ಹೊರಗಿನ ಚಿಪ್ಪಲ್ಲ, ಒಳಗಿನ ಥರ್ಮಾಕೋಲಿನಂಥ ಇಪಿಎಸ್ ಪದರ. ತಲೆ ನೆಲಕ್ಕೆ ಬಡಿದಾಗ ಅದು ಜಜ್ಜಿಹೋಗುತ್ತದೆ, ತಲೆ ಒಮ್ಮೆಲೇ ನಿಲ್ಲದೆ ಕೆಲವು ಮಿಲಿಸೆಕೆಂಡು ತಡವಾಗಿ ನಿಲ್ಲುತ್ತದೆ. ಮಿದುಳಿಗೆ ಸಿಗುವ ರಕ್ಷಣೆ ಅಷ್ಟೇ, ಆದರೆ ಅದು ದೊಡ್ಡದು. ಜಜ್ಜಿದ ಇಪಿಎಸ್ ಸ್ಪಂಜಿನಂತೆ ಮತ್ತೆ ಉಬ್ಬುವುದಿಲ್ಲ. ಹಾಗಾಗಿ ಜೋರಾಗಿ ಒಮ್ಮೆ ಬಡಿದ ಹೆಲ್ಮೆಟ್, ಬಿರುಕು ಕಾಣದಿದ್ದರೂ, ಕಸಕ್ಕೆ ಹೋಗಬೇಕು. ಅಣ್ಣನದನ್ನು ತಮ್ಮನಿಗೆ ಹಾಕುವವರು ಅಣ್ಣ ಎಷ್ಟು ಸಲ ಬಿದ್ದಿದ್ದಾನೆ ಎಂದು ಮೊದಲು ವಿಚಾರಿಸಲಿ.

ಡಯಲ್ ಹೆಲ್ಮೆಟ್ಟಿನೊಳಗೆ ಇಎನ್ 1078 ಎಂಬ ಲೇಬಲ್ ಹುಡುಕಿ. ಇದು ಯುರೋಪಿನ ಸೈಕಲ್ ಹೆಲ್ಮೆಟ್ ಮಾನದಂಡ. ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಸಪಾಟು ಕಬ್ಬಿಣದ ಮೇಲೆ ಬೀಳಿಸಿ ಪರೀಕ್ಷಿಸುತ್ತಾರೆ. ಮಗು ಸೈಕಲ್ಲಿನಿಂದ ಬೀಳುವುದಕ್ಕೆ ಹಾಕಿದ ಲೆಕ್ಕ ಅದು, ಲಾರಿ ಗುದ್ದುವುದಕ್ಕಲ್ಲ. ‘ಇದಕ್ಕ ಐಎಸ್‌ಐ ಐತ್ರಿ’ ಎಂದು ಬೈಕಿನ ಹೆಲ್ಮೆಟ್ ತೋರಿಸಿದರೆ ಬೇಡ ಅನ್ನಿ. ಐಎಸ್ 4151 ಮೋಟಾರು ದ್ವಿಚಕ್ರಿಗಳದ್ದು. ಕಾಲು ಕಿಲೋ ಆಸುಪಾಸಿನ ಸೈಕಲ್ ಹೆಲ್ಮೆಟ್ ಮುಂದೆ ಅದು ಎಳೆ ಕುತ್ತಿಗೆಗೆ ಭಾರ. ಇಎನ್ 1078 ನಮ್ಮ ಸರ್ಕಾರಕ್ಕೂ ಹೊಸದಲ್ಲ: ಬೈಕಿನ ಹಿಂದೆ ಕೂರುವ ನಾಲ್ಕು ವರ್ಷದೊಳಗಿನ ಮಕ್ಕಳಿಗಾಗಿ 2022ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಲ್ಲೇ ಆ ಸಂಖ್ಯೆ ಇದೆ.

ಇಷ್ಟು ಒಳ್ಳೆಯದನ್ನು ಕೊಂಡರೂ ಕೆಡುವುದು ಅಳತೆಯಲ್ಲಿ. ‘ಬೆಳೆಯೋ ಹುಡುಗ್ರಿ, ಒಂದ್ ಸೈಜ್ ದೊಡ್ಡದ ಒಯ್ರಿ’ ಎಂಬ ಮಾತು ಶಾಲೆಯ ಬೂಟಿಗೆ ಸರಿ, ಇದಕ್ಕಲ್ಲ. ದರ್ಜಿಯ ಟೇಪನ್ನು ಹುಬ್ಬಿನ ಸ್ವಲ್ಪ ಮೇಲೆ ಸುತ್ತಿ ಸೆಂಟಿಮೀಟರಿನಲ್ಲಿ ಬರೆದುಕೊಂಡು ಹೋಗಿ. ಹೆಲ್ಮೆಟ್ಟಿನ ಅಂಚು ಹುಬ್ಬಿನಿಂದ ಎರಡು ಬೆರಳು ಮೇಲೆ ನಿಲ್ಲಬೇಕು. ಪಟ್ಟಿಗಳು ಕಿವಿಯ ಕೆಳಗೆ ಕೂಡಬೇಕು, ಗದ್ದದ ಕೆಳಗೆ ಒಂದು ಬೆರಳು ಮಾತ್ರ ಹೋಗಬೇಕು. ಬಕಲ್ ಹಾಕಿದ ಮೇಲೆ ಅಂಗೈಯಿಂದ ಅಂಚನ್ನು ಹಿಂದಕ್ಕೆ ತಳ್ಳಿ. ಟೋಪಿಯಂತೆ ನೆತ್ತಿಗೆ ಸರಿದು ಹಣೆ ಬಯಲಾದರೆ ಅಳತೆ ಇಲ್ಲವೇ ಪಟ್ಟಿ ತಪ್ಪಿದೆ. ಧಾರವಾಡದ ಇಳಿಜಾರಿನಲ್ಲಿ ಜಲ್ಲಿಯ ಮೇಲೆ ಮುಂದಿನ ಗಾಲಿ ಜಾರಿದಾಗ ಆ ಹಣೆಯೇ ಮೊದಲು ನೆಲ ಮುಟ್ಟೀತು. ಎತ್ತರದ ಜುಟ್ಟಿನ ಮೇಲೆ ಹೆಲ್ಮೆಟ್ ಕೂರುವುದೇ ಇಲ್ಲ. ಕೆಳಗೆ ಇಳಿಬಿಟ್ಟ ಎರಡು ಜಡೆಯಾದರೆ ಅಡ್ಡಿಯಿಲ್ಲ.

ಡಯಲ್ ನಮೂನೆಗೂ ದೋಷಗಳಿವೆ. ಕಿವಿ ಹತ್ತಿರದ ಪ್ಲಾಸ್ಟಿಕ್ ಕ್ಲಿಪ್ ದಿನ ಕಳೆದಂತೆ ಜಾರುತ್ತದೆ, ಆಗಾಗ ಸರಿಪಡಿಸಬೇಕು. ಬೆವರಿಗೆ ಒಳಗಿನ ಪ್ಯಾಡು ಬೇಗ ನಾರುತ್ತದೆ. ಕಿತ್ತು ತೊಳೆಯಬಹುದಾದದ್ದನ್ನೇ ಕೊಳ್ಳಿ. ಪೆಟ್ರೋಲ್, ಥಿನ್ನರ್ ತಗುಲಿದರೆ ಇಪಿಎಸ್ ಕರಗುತ್ತದೆ, ಹಾಗಾಗಿ ಬೈಕಿನ ಡಿಕ್ಕಿ ಅದಕ್ಕೆ ಜಾಗವಲ್ಲ. ಇಷ್ಟಿದ್ದರೂ ದುಡ್ಡು ಕೊಡುವುದಾದರೆ ಇದಕ್ಕೇ.

ಹೆಲ್ಮೆಟ್ ಇದ್ದೂ ಬಿದ್ದ ಮಗು ಮತ್ತೆ ಮತ್ತೆ ವಾಂತಿ ಮಾಡಿದರೆ, ಎಬ್ಬಿಸಿದರೂ ಏಳದಷ್ಟು ಮಂಪರಾದರೆ, ಕಿವಿ-ಮೂಗಿನಿಂದ ನೀರು ಅಥವಾ ರಕ್ತ ಬಂದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಇನ್ನು, ಗಾಜಿನಮನೆ ಉದ್ಯಾನದಲ್ಲಿ ಸೈಕಲ್ ನಿಲ್ಲಿಸಿ ಜಾರುಬಂಡಿ ಹತ್ತುವ ಮೊದಲು ಹೆಲ್ಮೆಟ್ ತೆಗೆಸಿ. ಸರಳಿನ ಸಂದಿಯಲ್ಲಿ ಹೆಲ್ಮೆಟ್ ಸಿಕ್ಕಿಕೊಂಡರೆ ಗದ್ದದ ಪಟ್ಟಿಯೇ ಕುತ್ತಿಗೆ ಬಿಗಿಯುತ್ತದೆ.