ಆಟಿ ತಿಂಗಳಿಗೆ ನನ್ನ ಆಯ್ಕೆ: ಒಂದು ಸಿನಿಮಾ, ಎರಡು ಪುಸ್ತಕ, ತಿಮರೆ ತಂಬುಳಿ, ರಾತ್ರಿ ಗಂಜಿ

ಆಟಿ, ಅಂದರೆ ತುಳುವರ ಮಳೆಗಾಲದ ತಿಂಗಳು, ಶುರುವಾದರೆ ನಮ್ಮ ಬದಿಯಡ್ಕ, ನೀರ್ಚಾಲು ಕಡೆ ಕೆಲಸ ಅರ್ಧ ನಿಂತ ಹಾಗೆ. ಅಡಿಕೆಗೆ ಮದ್ದು ಬಿಡೋಣ ಅಂದರೆ ಮಳೆ ಬಿಡುವುದಿಲ್ಲ. ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಮನೆಯೊಳಗೇ ಇರಬೇಕಾದಾಗ ಏನು ನೋಡೋದು, ಏನು ಓದೋದು, ಏನು ತಿನ್ನೋದು ಅಂತ ಬೆಂಗಳೂರು, ಮೈಸೂರು ಕಡೆಯ ನೆಂಟರು ಕೇಳುತ್ತಾ ಇರುತ್ತಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಒಟ್ಟಿಗೆ ಬರೆಯುತ್ತಿದ್ದೇನೆ. ಎಲ್ಲವೂ ಈಗ ಕೇರಳದಲ್ಲಿರುವ ನಮ್ಮ ಕಾಸರಗೋಡಿನ ನಂಟು ಇರುವಂಥದ್ದೇ. ಆದರೆ ನಮ್ಮೂರಿನದ್ದು ಅನ್ನುವ ಒಂದೇ ಕಾರಣಕ್ಕೆ ಹೊಗಳುವುದಿಲ್ಲ, ಇಷ್ಟವಾಗದ್ದನ್ನೂ ಹೇಳುತ್ತೇನೆ.

ಮೊದಲು ಪುಸ್ತಕ. ಒಂದೇ ಒಂದು ಓದಲು ಪುರುಸೊತ್ತು ಇರುವವರು ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಓದಿ. ಅವರ ಮೊದಲ ಕಾದಂಬರಿ. 1980ರ ದಶಕದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ದೊಡ್ಡ ಪುಸ್ತಕ ಏನಲ್ಲ, ಮಳೆ ಹಿಡಿದ ಒಂದು ಭಾನುವಾರ ಕೂತರೆ ಮುಗಿಯುತ್ತದೆ. ಆದರೆ ಮುಗಿದ ಮೇಲೆ ಸುಮಾರು ದಿನ ಅದು ತಲೆಯಿಂದ ಹೋಗುವುದಿಲ್ಲ.

ಕಥೆ ನಾದಿರಾಳದ್ದು. ಮದುವೆಯಾಗಿ ಗಂಡ ರಶೀದನ ಮನೆಯಲ್ಲಿ ಚೆನ್ನಾಗಿಯೇ ಇರುವ ಹುಡುಗಿ. ಹಣದ ವಿಷಯಕ್ಕೆ ಅಳಿಯನ ಮೇಲೆ ಸಿಟ್ಟಾದ ಅಪ್ಪ ಮಗಳನ್ನು ತವರಿಗೆ ಕರೆತಂದು ಕೂರಿಸಿಬಿಡುತ್ತಾನೆ, ಆಮೇಲೆ ಹಟ ಹಿಡಿದು ತಲಾಖ್ ಕೊಡಿಸುತ್ತಾನೆ. ಗಂಡನಿಗೂ ಬೇಡ, ಹೆಂಡತಿಗೂ ಬೇಡ, ಆದರೂ ಆಗಿಹೋಗುತ್ತದೆ. ಮತ್ತೆ ಒಂದಾಗಬೇಕು ಅಂದರೆ ಅವಳು ನಡುವೆ ಇನ್ನೊಬ್ಬನನ್ನು ಮದುವೆಯಾಗಿ ಅವನಿಂದ ಬಿಡುಗಡೆ ಪಡೆಯಬೇಕು ಅನ್ನುವ ನಿಯಮ ಎದುರಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದಿನದ್ದು ನಾನು ಹೇಳಬಾರದು, ನೀವೇ ಓದಬೇಕು.

ನನಗೆ ಈ ಪುಸ್ತಕ ಯಾಕೆ ಇಷ್ಟ ಅಂದರೆ, ಇದರಲ್ಲಿ ಗಂಡ ಕೆಟ್ಟವನಲ್ಲ. ಕೆಟ್ಟ ಗಂಡನ ಕಥೆ ಬರೆಯುವುದು ಸುಲಭ, ಅಲ್ವಾ? ಇಲ್ಲಿ ಪ್ರೀತಿ ಇರುವ ಇಬ್ಬರ ನಡುವೆ ಮನೆಯ ಹಿರಿಯನ ಹಟ, ಊರಿನ ಮಾತು, ತಪ್ಪಾಗಿ ಬಳಸಿದ ನಿಯಮ ಎಲ್ಲ ಸೇರಿ ಒಂದು ಬದುಕನ್ನು ಹೇಗೆ ಕಟ್ಟಿಹಾಕುತ್ತವೆ ಅನ್ನುವುದು ಇದೆ. ತಾಯಿ ಎಲ್ಲವನ್ನೂ ನೋಡುತ್ತಾಳೆ, ಎಲ್ಲವೂ ಗೊತ್ತಾಗುತ್ತದೆ, ಬಾಯಿ ಬಿಡಲು ಆಗುವುದಿಲ್ಲ. ಅಂಥ ತಾಯಂದಿರು ಯಾವ ಜಾತಿಯಲ್ಲಿ, ಯಾವ ಮನೆಯಲ್ಲಿ ಇಲ್ಲ ಹೇಳಿ. ಭಾಷೆ ತುಂಬಾ ಸರಳ. ಮನೆಮಾತು ಕನ್ನಡ ಅಲ್ಲದ ಹೆಣ್ಣುಮಗಳೊಬ್ಬರು ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಕಲಿತು, ತಮ್ಮ ಹೊಳೆಯ ದಡದ ಕಥೆಯನ್ನು ಕನ್ನಡದಲ್ಲೇ ಹೇಳಬೇಕು ಅಂತ ಕೂತದ್ದು ನನಗೆ ಬಹಳ ದೊಡ್ಡ ವಿಷಯ. ಕೊರತೆ ಅಂದರೆ ಅಪ್ಪನ ಪಾತ್ರ. ಅವನು ಒಳಗೆ ಏನು ಯೋಚಿಸುತ್ತಿದ್ದ ಅನ್ನುವುದು ಇನ್ನೂ ಸ್ವಲ್ಪ ಸಿಗಬೇಕಿತ್ತು.

ಪುಸ್ತಕ ಓದಿದ ಮೇಲೆ ಮಳೆ ಸ್ವಲ್ಪ ಬಿಟ್ಟ ದಿನ ಚಂದ್ರಗಿರಿ ಸೇತುವೆ ಮೇಲೆ ಒಮ್ಮೆ ಹೋಗಿ ಬನ್ನಿ. ಆಟಿಯಲ್ಲಿ ಹೊಳೆ ಕೆಂಪಗೆ, ದಡ ತುಂಬಿ ಹರಿಯುತ್ತಾ ಇರುತ್ತದೆ. ಹಳಬರು ತುಳುನಾಡಿನ ತೆಂಕಣ ಗಡಿ ಅಂತ ಹೇಳುವುದು ಇದೇ ಹೊಳೆಯನ್ನು. 1967ರಲ್ಲಿ ಗಡಿ ತಕರಾರು ನೋಡಲು ನೇಮಿಸಿದ ಮಹಾಜನ ಆಯೋಗ ಕರ್ನಾಟಕಕ್ಕೆ ಸೇರಬೇಕು ಅಂದದ್ದೂ ಇದರ ಬಡಗಣ ಭಾಗವನ್ನೇ. ನಕ್ಷೆಯಲ್ಲಿ ಅದು ಒಂದು ಗೆರೆ. ಪುಸ್ತಕ ಓದಿದವರಿಗೆ ಅದು ನಾದಿರಾ ದಾಟಿದ ನೀರು.

ಸಾರಾ ಅವರು ತೀರಿಕೊಂಡದ್ದು 2023ರ ಜನವರಿಯಲ್ಲಿ. ಅದೇ ತಿಂಗಳು ಕಾರಡ್ಕದಲ್ಲಿ ಹುಟ್ಟಿದ ಕೆ.ವಿ. ತಿರುಮಲೇಶ್ ಕೂಡ ಹೋದರು. ಅವರ ‘ಅಕ್ಷಯ ಕಾವ್ಯ’ಕ್ಕೆ 2015ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಕವಿತೆ ಓದುವ ಅಭ್ಯಾಸ ಇರುವವರು ಅದನ್ನು ಹಿಡಿಯಬಹುದು, ಉಳಿದವರಿಗೆ ಮೊದಲ ಪುಸ್ತಕವಾಗಿ ಕೊಡಲಾರೆ.

ಎರಡನೆಯದು ಕಯ್ಯಾರ ಕಿಞ್ಞಣ್ಣ ರೈಗಳ ಆತ್ಮಕಥೆ, ‘ದುಡಿತವೇ ನನ್ನ ದೇವರು’. ಆಗಸ್ಟ್ 15ಕ್ಕೆ ಶಾಲೆಯಲ್ಲಿ ‘ಏರುತಿಹುದು ಹಾರುತಿಹುದು’ ಹಾಡಿದವರಿಗೆಲ್ಲ ಅವರು ಗೊತ್ತು, ಬರೆದವರ ಹೆಸರು ಮಾತ್ರ ಗೊತ್ತಿರುವುದಿಲ್ಲ. ಮೇಷ್ಟ್ರು, ಕವಿ, ಕೃಷಿಕ, ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಅಂತ ಕೊನೆಯವರೆಗೂ ಹೇಳಿದವರು. ತುಳುವಿನಲ್ಲೂ ಬರೆದರು. 1915ರ ಜೂನಿನಲ್ಲಿ ಹುಟ್ಟಿ, ನೂರು ತುಂಬಿಸಿ, 2015ರ ಆಗಸ್ಟಿನಲ್ಲಿ ಹೋದರು. ಇದನ್ನು ಒಂದೇ ಉಸಿರಿಗೆ ಓದಬೇಡಿ. ದಿನಕ್ಕೆ ಸ್ವಲ್ಪ ಸ್ವಲ್ಪ ಓದಿ. ತೋಟದ ಕೆಲಸ ಮಾಡುವವರಿಗೆ ಈ ಪುಸ್ತಕ ಬೇರೆಯೇ ರೀತಿ ಹಿಡಿಸುತ್ತದೆ.

ಇನ್ನು ಸಿನಿಮಾ. ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’. ರಿಷಬ್ ಶೆಟ್ಟಿ ನಿರ್ದೇಶನ, 2018ರ ಆಗಸ್ಟಿನಲ್ಲಿ ಬಂತು. ಆ ವರ್ಷದ ಅತ್ಯುತ್ತಮ ಮಕ್ಕಳ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಸಿಕ್ಕಿತು. ಹೆಚ್ಚಿನವರು ನೋಡಿರುತ್ತೀರಿ. ಆದರೂ ಶಿಫಾರಸು ಮಾಡುತ್ತೇನೆ, ಯಾಕೆಂದರೆ ಮಕ್ಕಳ ಜೊತೆ ಕೂತು ನೋಡಿದರೆ ಅದು ಬೇರೆ ಸಿನಿಮಾ. ಹೆಸರನ್ನೇ ನೋಡಿ, ಗೋಡೆ ಮೇಲೆ ದಾನಿಗಳ ಹೆಸರು ಸಮೇತ ಬರೆದ ಶಾಲೆಯ ಬೋರ್ಡನ್ನು ಹಾಗೆಯೇ ಎತ್ತಿ ಇಟ್ಟಿದ್ದಾರೆ.

ಮೊದಲರ್ಧ ನನಗೆ ಬಹಳ ಇಷ್ಟ. ಕನ್ನಡ ಮಾಧ್ಯಮದ ಮಕ್ಕಳಿಗೆ ಮಲಯಾಳ ಮಾತ್ರ ಬರುವ ಮೇಷ್ಟ್ರು ಗಣಿತ ಪಾಠಕ್ಕೆ ಬರುತ್ತಾರೆ, ಮಕ್ಕಳು ಬಾಯಿ ಬಿಟ್ಟು ನೋಡುತ್ತಾರೆ. ಬೇರೆ ಊರಿನವರಿಗೆ ಅದು ತಮಾಷೆಯ ದೃಶ್ಯ. ನಮಗೆ ಅಲ್ಲ. ಕನ್ನಡ ಗೊತ್ತಿಲ್ಲದವರನ್ನು ಕನ್ನಡ ಶಾಲೆಗೆ ನೇಮಿಸಿದ್ದಕ್ಕೆ ಇಲ್ಲಿ ಹೆತ್ತವರು, ಮಕ್ಕಳು ಗೇಟಿನ ಹೊರಗೆ ಕೂತು ಪ್ರತಿಭಟನೆ ಮಾಡಿದ್ದು ನಿಜವಾಗಿ ನಡೆದದ್ದು. ಸಮೀಕರಣ ಅರ್ಥವಾಗದೆ ಕೂತ ಮಗುವಿಗೆ ತನಗೆ ಗಣಿತ ಬರುವುದಿಲ್ಲ ಅಂತಲೇ ಅನಿಸುತ್ತದೆ, ಭಾಷೆ ಬರುತ್ತಿಲ್ಲ ಅಂತ ಅನಿಸುವುದಿಲ್ಲ. ಈ ಒಂದು ಸಂಗತಿಯನ್ನು ಅಷ್ಟು ಹಗುರವಾಗಿ, ನಗಿಸುತ್ತಲೇ ತೋರಿಸಿದ್ದಕ್ಕೆ ಆ ತಂಡಕ್ಕೆ ನಾನು ಋಣಿ. ವಾಸುಕಿ ವೈಭವ್ ಹಾಡುಗಳು ಈಗಲೂ ಮಕ್ಕಳ ಬಾಯಲ್ಲಿವೆ. ಅನಂತ್ ನಾಗ್ ಬಂದ ಮೇಲೆ ಕಥೆ ಮೈಸೂರಿಗೆ, ಕೋರ್ಟಿಗೆ ಹೋಗುತ್ತದೆ. ಅವರು ಮಾತಾಡುತ್ತಿದ್ದರೆ ಕೇಳುತ್ತಾ ಇರೋಣ ಅನಿಸುತ್ತದೆ, ನಿಜ. ಆದರೆ ನಮ್ಮ ಮಣ್ಣಿನ ವಾಸನೆ ಅಲ್ಲಿಗೆ ಕಡಿಮೆಯಾಗುತ್ತದೆ.

ನನ್ನ ದೊಡ್ಡ ತಕರಾರು ಬೇರೆ ಇದೆ. ಸಿನಿಮಾದಲ್ಲಿ ತೊಂದರೆ ಎಲ್ಲ ಒಬ್ಬ ಮಲಯಾಳಿ ಅಧಿಕಾರಿಯ ತಲೆಗೆ ಕಟ್ಟಿದ್ದಾರೆ. ಇಲ್ಲಿ ಬದುಕುವವರಿಗೆ ಗೊತ್ತು, ಒಂದೇ ಜಗಲಿಯಲ್ಲಿ ತುಳು, ಕನ್ನಡ, ಮಲಯಾಳ, ಕೊಂಕಣಿ, ಮರಾಠಿ ಎಲ್ಲ ನಡೆಯುತ್ತವೆ. ಪಕ್ಕದ ಮನೆಯ ಮಲಯಾಳಿ ಅಮ್ಮ ನಮ್ಮ ಮಕ್ಕಳನ್ನು ಎತ್ತಿ ಆಡಿಸಿದವರು. ಸರಕಾರದ ಆದೇಶಕ್ಕೂ ನೆರೆಮನೆಯವರಿಗೂ ವ್ಯತ್ಯಾಸ ಇದೆ. ಜೊತೆಗೆ ಕನ್ನಡ ಶಾಲೆ ಖಾಲಿಯಾಗಲು ನಾವೇ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮದ ವ್ಯಾನಿಗೆ ಹತ್ತಿಸಿದ್ದೂ ಒಂದು ಕಾರಣ, ಅದನ್ನು ಸಿನಿಮಾ ಅಷ್ಟಾಗಿ ಕೇಳುವುದಿಲ್ಲ. ನೋಡಿದ ಮೇಲೆ ಮಕ್ಕಳ ಹತ್ತಿರ ಈ ಎರಡು ವಿಷಯ ಮಾತಾಡಿ. ಅದಕ್ಕೋಸ್ಕರವೇ ಒಟ್ಟಿಗೆ ಕೂತು ನೋಡಿ ಅಂದದ್ದು.

ಓದಿ, ನೋಡಿ ಆಯಿತು, ಈಗ ಊಟ. ಆಟಿಯ ಅಡುಗೆ ಅಂದರೆ ಎಲ್ಲರೂ ಪತ್ರೊಡೆ ಅನ್ನುತ್ತಾರೆ. ಪತ್ರೊಡೆ ನನಗೂ ಪ್ರಾಣ, ಮರದ ಮೇಲೆ ಬೆಳೆಯುವ ಮರಕೆಸು ಸಿಕ್ಕಿದರಂತೂ ಕೇಳುವುದೇ ಬೇಡ. ಆದರೆ ಅದಕ್ಕೆ ಅರ್ಧ ದಿನ ಬೇಕು. ಅಕ್ಕಿ ನೆನೆಸಿ, ರುಬ್ಬಿ, ಎಲೆಗೆ ಹಚ್ಚಿ, ಸುರುಳಿ ಸುತ್ತಿ, ಹಬೆಯಲ್ಲಿ ಒಂದು ಗಂಟೆಯಾದರೂ ಬೇಯಿಸಬೇಕು. ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಇರುತ್ತವೆ, ಗಂಟಲು ತುರಿಸುವುದು ಅದಕ್ಕೇ. ಹಾಗಾಗಿ ಹುಳಿ ಹಾಕಲು ಜಿಪುಣತನ ಬೇಡ, ಬೇಯಿಸಲು ಅವಸರವೂ ಬೇಡ.

ದಿನಾ ಮಾಡಬಹುದಾದದ್ದು ತಿಮರೆ ತಂಬುಳಿ. ಘಟ್ಟದ ಮೇಲಿನವರು ಒಂದೆಲಗ ಅನ್ನುವ ಸೊಪ್ಪು. ಮಳೆ ಬಿದ್ದರೆ ಅಂಗಳದ ಬದಿ, ತೋಟದಲ್ಲಿ ನೀರು ಹರಿಯುವ ಕಣಿಯ ಬದಿ ತಾನಾಗಿ ಹಬ್ಬುತ್ತದೆ. ಒಂದು ಹಿಡಿ ಸೊಪ್ಪು, ದಂಟು ಬೇರು ಸಮೇತ ಆಗಬಹುದು. ಅರ್ಧ ಕಪ್ ತೆಂಗಿನತುರಿ, ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು. ಇಷ್ಟನ್ನೂ ನುಣ್ಣಗೆ ಅರೆಯಬೇಕು, ತರಿ ಉಳಿದರೆ ಬಾಯಿಗೆ ನಾರು ಸಿಗುತ್ತದೆ. ಅದಕ್ಕೆ ಒಂದೂವರೆ ಕಪ್ ಮಜ್ಜಿಗೆ, ಉಪ್ಪು. ಮಜ್ಜಿಗೆ ಹುಳಿ ಬಂದಿರಬಾರದು, ಹುಳಿಯಾದರೆ ಸೊಪ್ಪಿನ ಪರಿಮಳ ಸತ್ತುಹೋಗುತ್ತದೆ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಂದು ಒಣಮೆಣಸು ಒಗ್ಗರಣೆ. ಕುದಿಸಬೇಡಿ. ಬಿಸಿ ಕುಚ್ಚಲಕ್ಕಿ ಅನ್ನಕ್ಕೆ ತಣ್ಣನೆ ತಂಬುಳಿ ಸುರಿದು ಕಲಸಿದಾಗ ಅನ್ನ ತಿಳಿಹಸಿರು ಬಣ್ಣಕ್ಕೆ ತಿರುಗಿ, ಮಳೆ ಬಿದ್ದ ಹುಲ್ಲಿನಂಥ ಒಂದು ಹಸಿ ಪರಿಮಳ ಏಳುತ್ತದಲ್ಲ, ನನಗೆ ಆಟಿ ಅಂದರೆ ಅದೇ.

ಸೊಪ್ಪು ಹಸಿಯಾಗಿ ಹಾಕುವುದರಿಂದ ಒಂದು ಎಚ್ಚರಿಕೆ. ಮಳೆಗಾಲದಲ್ಲಿ ನಮ್ಮಲ್ಲಿ ಇಲಿಜ್ವರದ ಭಯ ಇದೆ. ಗದ್ದೆ ಬದಿ, ಚರಂಡಿ ಬದಿ ನೀರು ನಿಂತ ಜಾಗದ ಸೊಪ್ಪು ಬೇಡ. ಮನೆಯ ಹತ್ತಿರ ಒಂದು ಕುಂಡದಲ್ಲಿ ನೆಟ್ಟುಬಿಡಿ, ಏನೂ ಆರೈಕೆ ಕೇಳುವುದಿಲ್ಲ. ಚೆನ್ನಾಗಿ ತೊಳೆದ ಮೇಲೂ ಧೈರ್ಯ ಸಾಲದಿದ್ದರೆ ತುಪ್ಪದಲ್ಲಿ ಬಾಡಿಸಿ ಅರೆಯಿರಿ, ರುಚಿ ಸ್ವಲ್ಪ ಬೇರೆಯಾಗುತ್ತದೆ, ಕೆಟ್ಟದ್ದೇನಲ್ಲ. ಮಕ್ಕಳಿಗೆ ನೆನಪಿನ ಶಕ್ತಿ ಜಾಸ್ತಿಯಾಗುತ್ತದೆ ಅಂತ ಅಜ್ಜಿಯಂದಿರು ಕೊಡುತ್ತಾರೆ. ನಾನು ಶಿಫಾರಸು ಮಾಡುವುದು ರುಚಿಗೆ.

ಅಭ್ಯಾಸದ ವಿಷಯಕ್ಕೆ ಬಂದರೆ ಒಂದೇ ಮಾತು, ರಾತ್ರಿ ಊಟ ಬೇಗ, ಅದೂ ಗಂಜಿ. ಏಳೂವರೆಯೊಳಗೆ ಮುಗಿಸಿ. ಕುಚ್ಚಲಕ್ಕಿಯನ್ನು ಭತ್ತದಲ್ಲೇ ಬೇಯಿಸಿ ಒಣಗಿಸುವುದರಿಂದ ತೌಡಿನ ಬಿ ವಿಟಮಿನ್ ಸ್ವಲ್ಪ ಅಕ್ಕಿಯ ಒಳಗೆ ಇಳಿದು ಉಳಿಯುತ್ತದೆ. ಹೊಟ್ಟೆಗೆ ಹಗುರ, ನಿದ್ದೆ ಚೆನ್ನಾಗಿ ಬರುತ್ತದೆ. ಆದರೆ ಗಂಜಿ, ಉಪ್ಪಿನಕಾಯಿ, ಹಪ್ಪಳ ಇಷ್ಟೇ ಆದರೆ ಅದು ಆರೋಗ್ಯದ ಊಟ ಅಲ್ಲ. ಬರೀ ಪಿಷ್ಟ ಮತ್ತು ಉಪ್ಪು. ಬಿ.ಪಿ. ಇರುವವರು ಮಿಡಿ ಉಪ್ಪಿನಕಾಯಿಯ ರಸ ನೆಕ್ಕುವುದನ್ನು ದಯವಿಟ್ಟು ಬಿಡಿ. ಇಲ್ಲಿ ನೆರೆಮನೆಯ ಮಲಯಾಳಿಗಳ ಕ್ರಮ ಒಳ್ಳೆಯದು. ಅವರು ಕಂಞಿಯ ಜೊತೆ ಪಯರ್, ಅಂದರೆ ಬೇಯಿಸಿದ ಹೆಸರುಕಾಳಿಗೆ ತೆಂಗಿನತುರಿ ಹಾಕಿದ ಪಲ್ಯ ಇಟ್ಟೇ ಇಡುತ್ತಾರೆ. ಪ್ರೋಟೀನೂ ಆಯಿತು, ಹೊಟ್ಟೆಯೂ ತುಂಬಿತು. ನಮ್ಮ ಮನೆಯಲ್ಲಿ ಈಗ ಅದೇ ಕ್ರಮ. ಸಕ್ಕರೆ ಕಾಯಿಲೆ ಇರುವವರು ಅನ್ನ ಕಡಿಮೆ ಮಾಡಿ ಕಾಳು ಜಾಸ್ತಿ ಮಾಡಿಕೊಳ್ಳಿ, ಡಾಕ್ಟರ ಹತ್ತಿರವೂ ಒಂದು ಮಾತು ಕೇಳಿ.

ನಮಗೆ ಆಟಿಯಾದರೆ ಮಲಯಾಳಿಗಳಿಗೆ ಅದೇ ತಿಂಗಳು ಕರ್ಕಿಡಕ. ಅವರ ಮನೆಯಲ್ಲಿ ಸಂಜೆ ರಾಮಾಯಣ ಓದುವ ಧ್ವನಿ ಕೇಳುತ್ತಾ ಇರುತ್ತದೆ, ಒಲೆ ಮೇಲೆ ಮದ್ದಿನ ಗಂಜಿ. ಮದ್ದಿಗೆ ಬಳಸುವ ಞವರ ಅಕ್ಕಿ, ಮೆಂತೆ, ಜೀರಿಗೆ, ತೆಂಗಿನ ಹಾಲು ಎಲ್ಲ ಸೇರಿದ್ದು. ಈಗ ಅಂಗಡಿಗಳಲ್ಲಿ ಕಿಟ್ ಮಾಡಿ ಮಾರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಕಿಟ್ ಬೇಕಾಗಿಲ್ಲ. ಹಿಂದಿನ ರಾತ್ರಿ ಒಂದು ಚಮಚ ಮೆಂತೆ ನೆನೆಸಿಟ್ಟು, ಅಕ್ಕಿಯ ಜೊತೆ ಮೆತ್ತಗೆ ಬೇಯಿಸಿ, ತೆಂಗಿನ ಹಾಲು, ಚೂರು ಬೆಲ್ಲ ಹಾಕಿದರೆ ನಮ್ಮ ಮೆಂತೆ ಗಂಜಿ ಆಯಿತು. ಎರಡಕ್ಕೂ ಇರುವ ಅಂತರ ಬಹಳ ಸಣ್ಣದು.

ಇದೇ ಮೆಂತೆ ಗಂಜಿಯನ್ನು ಆಟಿ ಅಮಾವಾಸ್ಯೆಯ ಬೆಳಿಗ್ಗೆ ಪಾಲೆ ಮರದ ತೊಗಟೆಯ ಕಷಾಯದ ಮೇಲೆ ಕುಡಿಯುವುದು ಕ್ರಮ, ಕಷಾಯ ಉಷ್ಣ ಅಂತ. ಕಷಾಯ ಕುಡಿಯಿರಿ, ಕುಡಿಯಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಬೆಳಕು ಹರಿಯುವ ಮೊದಲೇ ಕತ್ತಲಲ್ಲಿ ಹೋಗಿ ಕಲ್ಲಿನಿಂದ ತೊಗಟೆ ಜಜ್ಜಿ ತರುವ ಪದ್ಧತಿ ಇದೆಯಲ್ಲ, ಮರ ಗೊತ್ತಿಲ್ಲದವರು ಅದಕ್ಕೆ ಇಳಿಯಲೇಬೇಡಿ. ನಮ್ಮ ಗುಡ್ಡಗಳಲ್ಲಿ ಕಾಸರಕದ ಮರವೂ ಬೆಳೆಯುತ್ತದೆ, ಅದರಲ್ಲಿ ಸ್ಟ್ರಿಕ್ನಿನ್ ಅನ್ನುವ ವಿಷ ಇದೆ, ತಪ್ಪಿ ಅದರ ತೊಗಟೆ ಬಂದರೆ ಜೀವಕ್ಕೇ ಅಪಾಯ. ಹಿಂದಿನ ದಿನ ಹಗಲಲ್ಲೇ ಮರ ಗೊತ್ತಿರುವ ಹಿರಿಯರನ್ನು ಕರೆದುಕೊಂಡು ಹೋಗಿ, ಪಾಲೆ ಮರ ಹೌದೇ ಅಂತ ನೋಡಿ, ಅದಕ್ಕೆ ಒಂದು ಹಗ್ಗ ಕಟ್ಟಿ ಗುರುತು ಮಾಡಿ ಬನ್ನಿ.